ಕಟಕಟೆಯ ಕಾಗದದಲ್ಲಿ ಉಳಿದ ಒಂದು ಯೆಹೂದಿ ಕುಟುಂಬ

ನ್ಯಾಯಾಲಯದ ಹಳೆಯ ದಾಖಲೆಗಳನ್ನು ಹುಡುಕಿ ಹೊರಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಅದು ಯಾರ ಕೋರ್ಟು? ಬೆಳಗಾವಿಯ ಶಹಾಪುರವನ್ನೇ ತೆಗೆದುಕೊಳ್ಳಿ. ಇಂದು ಅದು ನಗರದ ಒಂದು ಭಾಗ. ಆದರೆ ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಮುಂಬಯಿ ಪ್ರಾಂತದ ಜಿಲ್ಲಾ ಕೇಂದ್ರವಾಗಿತ್ತು. ಅದಕ್ಕೆ ಅಂಟಿಕೊಂಡೇ ಇದ್ದ ಶಹಾಪುರ ಸಾಂಗ್ಲಿ ಸಂಸ್ಥಾನದ ಊರಾಗಿತ್ತು. ಸಂಸ್ಥಾನ ವಿಲೀನವಾದದ್ದು 1948ರಲ್ಲಿ. ಶಹಾಪುರದ ನೇಕಾರನೊಬ್ಬನಿಗೂ ಬೆಳಗಾವಿಯ ವ್ಯಾಪಾರಿಯೊಬ್ಬನಿಗೂ ಸಾಲದ ತಕರಾರು ಬಂದಿದ್ದರೆ, ದಾವೆ ಯಾವ ಸರಕಾರದ ಮುಂದೆ ನಡೆಯಿತೋ ಕಾಗದವೂ ಆ ಸರಕಾರದ ದಫ್ತರಕ್ಕೇ ಸೇರುತ್ತಿತ್ತು. ಜನ ಬಾಳಿದ ಊರು ಒಂದು, ಅವರ ಕಾಗದ ಇರುವ ಊರು ಇನ್ನೊಂದು.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಶಹಾಪುರದಿಂದ ಖಾನಾಪುರದ ಹಾದಿ ಹಿಡಿಯಿರಿ. ಘಟ್ಟ ಇಳಿದರೆ ಗೋವೆ. ಹದಿನಾರನೆಯ ಶತಮಾನದಲ್ಲಿ ಘಟ್ಟದ ಮೇಲಿನ ಬೆಳಗಾವಿ ಬಿಜಾಪುರದ ಆದಿಲ್‌ಶಾಹಿಗಳದು; ಘಟ್ಟದ ಕೆಳಗಿನ ಗೋವೆಯನ್ನು ಅದೇ ಆದಿಲ್‌ಶಾಹಿಗಳಿಂದ ಪೋರ್ಚುಗೀಸರು 1510ರಲ್ಲಿ ಕಿತ್ತುಕೊಂಡಿದ್ದರು. ಆ ಗೋವೆಯಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನಿದ್ದ. 1534ರಲ್ಲಿ ಭಾರತಕ್ಕೆ ಬಂದವನು. ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗೂ ಚಿಕಿತ್ಸೆ ಮಾಡಿದವನು. ಮೆಣಸು, ದಾಲ್ಚಿನ್ನಿ, ಮಾವು, ವೀಳ್ಯ, ಕಾಲರಾ ಮುಂತಾದುವನ್ನು ಕುರಿತು ಸಂವಾದದ ರೂಪದಲ್ಲಿ ಅವನು ಬರೆದ ಪೋರ್ಚುಗೀಸ್ ಗ್ರಂಥ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. 1568ರಲ್ಲಿ ಅವನು ತೀರಿಕೊಂಡ.

ಆ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಲೇಖಕನ ಮನೆತನದ ಬಗ್ಗೆ ಒಂದು ಸಂಗತಿ ಸಿಗುವುದಿಲ್ಲ. 1886ರಲ್ಲಿ ಅವನ ಜೀವನಚರಿತ್ರೆ ಬರೆದ ಕಾಂಡ್ ದ ಫಿಕಾಲ್ಯೊ ಎಂಬ ವಿದ್ವಾಂಸನಿಗೂ ಅದು ತಿಳಿಯಲಿಲ್ಲ. 1934ರಲ್ಲಿ ಅಗುಸ್ತು ದ ಸಿಲ್ವ ಕಾರ್ವಾಲ್ಯೊ ಪ್ರಕಟಿಸಿದ ಅಧ್ಯಯನದಿಂದ ವಿಷಯ ಹೊರಬಿತ್ತು: ಓರ್ತಾ ಯೆಹೂದಿ ಮನೆತನದವನು. ಈ ಸುದ್ದಿ ಅಡಗಿದ್ದುದು ಕೋರ್ಟಿನ ಕಡತಗಳಲ್ಲಿ, ಅದೂ ಲಿಸ್ಬನ್ನಿನಲ್ಲಿ.

ಹಿನ್ನೆಲೆ ಹೀಗಿದೆ. 1492ರಲ್ಲಿ ಸ್ಪೇನ್ ತನ್ನ ಯೆಹೂದ್ಯರನ್ನು ಹೊರಹಾಕಿತು. ಹಲವರು ಪಕ್ಕದ ಪೋರ್ಚುಗಲ್ಲಿಗೆ ಓಡಿದರು. ಓರ್ತಾನ ತಂದೆತಾಯಿಗಳೂ ಅವರಲ್ಲಿದ್ದರು. 1497ರಲ್ಲಿ ಅಲ್ಲಿನ ದೊರೆ ಅವರೆಲ್ಲರಿಗೂ ಬಲವಂತವಾಗಿ ದೀಕ್ಷಾಸ್ನಾನ ಮಾಡಿಸಿದ. ಇವರಿಗೆ 'ಹೊಸ ಕ್ರೈಸ್ತರು' ಎಂಬ ಹೆಸರು ಬಿತ್ತು. ಹೆಸರು ಬದಲಾಯಿತು, ಸಂಶಯ ಹೋಗಲಿಲ್ಲ. ಮನೆಯೊಳಗೆ ಯಾರು ಹಳೆಯ ಆಚಾರ ಉಳಿಸಿಕೊಂಡಿದ್ದಾರೆಂದು ಪತ್ತೆಹಚ್ಚಲು ಇಂಕ್ವಿಜಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ 1536ರಲ್ಲಿ ಪೋರ್ಚುಗಲ್ಲಿನಲ್ಲೂ 1560ರಲ್ಲಿ ಗೋವೆಯಲ್ಲೂ ಬಂತು.

ಲಿಸ್ಬನ್ನಿನಲ್ಲಿ ಒಮ್ಮೆ ಈ ನ್ಯಾಯಾಲಯದ ಕೈಗೆ ಸಿಕ್ಕಿ ಬಿಡುಗಡೆಯಾದ ಓರ್ತಾನ ಸೋದರಿಯರು 1540ರ ದಶಕದ ಕೊನೆಯ ಹೊತ್ತಿಗೆ ತಾಯಿಯೊಡನೆ ಗೋವೆಗೆ ಬಂದು ಅಣ್ಣನ ಆಶ್ರಯ ಪಡೆದರು. ಅಣ್ಣನಿಗೆ ದೊಡ್ಡವರ ಪರಿಚಯವಿತ್ತು. ಅವನು ಬದುಕಿರುವವರೆಗೆ ಏನೂ ಆಗಲಿಲ್ಲ. ಅವನು ತೀರಿದ ಮರುವರ್ಷವೇ, 1569ರ ಅಕ್ಟೋಬರಿನಲ್ಲಿ, ಸೋದರಿ ಕಾತರೀನಾಳನ್ನು ಗೋವೆಯಲ್ಲಿ ಸುಟ್ಟರು. 1580ರಲ್ಲಿ ಓರ್ತಾನ ಸಮಾಧಿಯನ್ನೇ ಅಗೆದು ಮೂಳೆಗಳನ್ನು ಸುಟ್ಟರು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಕಾತರೀನಾ ಒಂದು ಪತ್ರ ಬಿಟ್ಟುಹೋಗಿಲ್ಲ, ಒಂದು ಪುಸ್ತಕ ಬರೆದಿಲ್ಲ. ಅವಳ ಮಾತು ಎಲ್ಲಾದರೂ ಉಳಿದಿದ್ದರೆ ಅವಳನ್ನು ಕೊಂದವರ ಗುಮಾಸ್ತ ಬರೆದ ಹಾಳೆಯಲ್ಲಿ. ಅದನ್ನು ನಂಬುವುದು ಹೇಗೆ?

ಆ ನ್ಯಾಯಾಲಯದ ಕ್ರಮವನ್ನು ತಿಳಿಯದೆ ಉತ್ತರ ಸಿಗದು. ಅಲ್ಲಿ ಆರೋಪಿಗೆ ತನ್ನ ಮೇಲೆ ದೂರು ಕೊಟ್ಟವರು ಯಾರೆಂದು ಹೇಳುತ್ತಿರಲಿಲ್ಲ. ವಿಚಾರಣೆ ಗುಟ್ಟಾಗಿ ನಡೆಯುತ್ತಿತ್ತು, ಚಿತ್ರಹಿಂಸೆಗೆ ಅವಕಾಶವಿತ್ತು. ಯೆಹೂದಿ ಆಚಾರದ ಗುರುತುಗಳನ್ನು ಚರ್ಚುಗಳಲ್ಲಿ ಮೊದಲೇ ಓದಿ ಹೇಳುತ್ತಿದ್ದರು: ಶುಕ್ರವಾರ ಸಂಜೆ ದೀಪ ಹಚ್ಚುವುದು, ಶನಿವಾರ ಮಡಿಬಟ್ಟೆ ಉಡುವುದು, ಹಂದಿಮಾಂಸ ಬಿಡುವುದು, ಇತ್ಯಾದಿ. ಹಾಗಾದರೆ ತಪ್ಪೊಪ್ಪಿಗೆಯಲ್ಲಿ ಇದೇ ಪಟ್ಟಿ ಮತ್ತೆ ಕಂಡರೆ, ಅದು ಆ ಮನೆಯ ನಡವಳಿಕೆಯೋ ಪ್ರಶ್ನೆ ಕೇಳಿದವನ ಪಟ್ಟಿಯೋ?

ಒಂದು ಉದಾಹರಣೆ ನೋಡಿ. ಓರ್ತಾ ಮೋಶೆಯ ಧರ್ಮಶಾಸ್ತ್ರವೇ ನಿಜವೆಂದು ನಂಬಿದ್ದನೆಂಬ ಹೇಳಿಕೆ ಕಡತದಲ್ಲಿದೆ. ಹೇಳಿದವನು ಕಾತರೀನಾಳ ಗಂಡ. ಹೇಳಿದ್ದು ಓರ್ತಾ ಸತ್ತ ಮೇಲೆ. ಯಾರ ಹೆಸರನ್ನಾದರೂ ಹೇಳಲೇಬೇಕೆಂಬ ಒತ್ತಾಯವಿದ್ದಾಗ ಸತ್ತವನ ಹೆಸರು ಹೇಳುವುದು ಎಲ್ಲಕ್ಕಿಂತ ಕ್ಷೇಮ. ಹಾಗೆಂದು ಅದನ್ನು ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಹಲವು ವರ್ಷ ಮೊದಲೇ, ಬೇರೆ ಖಂಡದಲ್ಲಿ, ಅದೇ ಕುಟುಂಬದ ಮೇಲೆ ಅದೇ ಬಗೆಯ ದೂರು ದಾಖಲಾಗಿತ್ತು. ನನ್ನ ಅಭಿಪ್ರಾಯದಲ್ಲಿ ಇಂಥ ಕಡತದಲ್ಲಿ ಹೆಚ್ಚು ನಂಬತಕ್ಕದ್ದು ನ್ಯಾಯಾಧೀಶನಿಗೆ ಬೇಕಿಲ್ಲದ ಸಣ್ಣ ವಿವರಗಳು: ಯಾರು ಯಾರ ಮಗಳು, ಯಾವ ಊರಿನಿಂದ ಬಂದರು, ಯಾರ ಮನೆಯಲ್ಲಿದ್ದರು. ಅವನ್ನು ತಿರುಚಿ ಯಾರಿಗೂ ಲಾಭವಿರಲಿಲ್ಲ.

ನ್ಯಾಯದ ಕಾಗದವೆಲ್ಲ ಇಷ್ಟು ಕ್ರೂರವೆಂದು ತಿಳಿಯಬೇಡಿ. ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ, ನಾಲ್ಕು ಶತಮಾನ ಹಿಂದೆ, ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿಯಿದ್ದ. ಆಶು ಎಂಬ ಸ್ತ್ರೀಯನ್ನು ದಾಸ್ಯದಿಂದ ಬಿಡಿಸಿ ಅವನು ಮಾಡಿಸಿದ ಪತ್ರಕ್ಕೆ 1132ರ ಅಕ್ಟೋಬರ್ 17ರ ತಾರೀಖಿದೆ. ಅದು ಉಳಿದದ್ದು ಕೈರೋದ ಹಳೆಯ ಸಿನಗಾಗ್ ಒಂದರ ಕಾಗದದ ರಾಶಿಯಲ್ಲಿ. ಅದನ್ನು ಬರೆಸಿದವರು ತಮ್ಮ ಧರ್ಮಶಾಸ್ತ್ರದಂತೆ, ತಾವಾಗಿಯೇ ಬರೆಸಿದರು. ಗೋವೆಯ ಕಡತವನ್ನು ಬರೆಸಿದ್ದು ಭಯ. ಎರಡೂ ದಾಖಲೆಗಳೇ, ಆದರೆ ಓದುವ ಕಣ್ಣು ಬೇರೆ ಬೇರೆಯಾಗಿರಬೇಕು.

ಗೋವೆಯ ನ್ಯಾಯಾಲಯ ನಡುವೆ ಕೆಲವು ವರ್ಷ ಮುಚ್ಚಿದ್ದು ಬಿಟ್ಟರೆ 1812ರವರೆಗೆ ನಡೆಯಿತು. ಕ್ರಮೇಣ ಅದರ ಮುಂದೆ ನಿಂತವರಲ್ಲಿ ಹೆಚ್ಚಿನವರು ಮತಾಂತರಗೊಂಡ ಸ್ಥಳೀಯ ಕೊಂಕಣಿ ಜನರಾದರು. ಅದರ ಮೊಕದ್ದಮೆ ಕಡತಗಳಲ್ಲಿ ಬಹುಪಾಲು ನಾಶವಾಗಿವೆ. ಆದರೂ ನ್ಯಾಯಾಧೀಶರಲ್ಲಿ ಒಬ್ಬನಾದ ಜುವಾಂವ್ ದೆಲ್ಗಾದು ಫಿಗೈರಾ 1623ರಲ್ಲಿ ಸಿದ್ಧಪಡಿಸಿದ ಸೂಚಿಯೊಂದು ಲಿಸ್ಬನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿದೆ. ಮೂರು ಸಾವಿರಕ್ಕೂ ಹೆಚ್ಚು ಪ್ರಕರಣಗಳು ಅದರಲ್ಲಿವೆ. ಕಡತ ಹೋದರೂ ಹೆಸರು, ಆರೋಪ, ಶಿಕ್ಷೆಗಳು ಹೀಗೆ ಉಳಿದುಕೊಂಡಿವೆ.

ಹಿಡಿಯಲು ಸಿಗದೆ ತಪ್ಪಿಸಿಕೊಂಡವರ ವಿಷಯದಲ್ಲಿ ಈ ನ್ಯಾಯಾಲಯಗಳಿಗೆ ಒಂದು ಪದ್ಧತಿಯಿತ್ತು: ಅವರ ಪ್ರತಿಮೆ ಮಾಡಿ ಸುಡುತ್ತಿದ್ದರು. ಪ್ರಕರಣ ಅಲ್ಲಿಗೆ ಮುಗಿಯಿತು. ಘಟ್ಟ ಹತ್ತಿ ಆದಿಲ್‌ಶಾಹಿ ಸೀಮೆ ಸೇರಿದವನು ಆಮೇಲೆ ಎಲ್ಲಿ ನೆಲೆಸಿದ, ಯಾವ ಹೆಸರಿನಲ್ಲಿ ಬಾಳಿದ ಎಂಬುದು ಗೋವೆಯ ಗುಮಾಸ್ತನಿಗೆ ಬೇಕಾಗಿರಲಿಲ್ಲ. ಅದನ್ನು ಬೇರೆ ದಫ್ತರಗಳಲ್ಲಿ ಹುಡುಕಬೇಕು. 1595ರಲ್ಲಿ ಆರಂಭವಾದ ಗೋವೆಯ ಸರಕಾರಿ ಪತ್ರಾಗಾರ ಇಂದು ಪಣಜಿಯಲ್ಲಿದೆ; ಲಿಸ್ಬನ್ನಿಗೂ ಗೋವೆಗೂ ನಡೆದ ಪತ್ರವ್ಯವಹಾರದ ದೊಡ್ಡ ಸಂಪುಟಗಳು ಅಲ್ಲಿವೆ. ಅವುಗಳ ಭಾಷೆ ಪೋರ್ಚುಗೀಸ್. ಬೆಳಗಾವಿಯಿಂದ ಪಣಜಿಗೆ ಬಸ್ಸಿನಲ್ಲಿ ಮೂರು-ನಾಲ್ಕು ಗಂಟೆಯ ದಾರಿ.