ಎಎಂಡಿಯೋ ಇಂಟೆಲ್ಲೋ: ಡೊಂಬಿವಲಿ ಲೋಕಲ್‌ನ ಹಳೆಯ ವಾದ

ಥಾಣೆಯಿಂದ ಕಲ್ಯಾಣದವರೆಗಿನ ಊರುಗಳಲ್ಲಿ, ಖಾಡಿಯಾಚೆಯ ಐರೋಲಿ, ವಾಶಿ, ನೆರೂಲ್‌ಗಳಲ್ಲಿ ಪಿಸಿ ಗೇಮ್ ಆಡುವ ನಾಲ್ವರು ಸೇರಿದರೆ ಮಾತು ಮೂರೇ ವಿಷಯಕ್ಕೆ ತಿರುಗುತ್ತದೆ. ಪ್ರೊಸೆಸರ್ ಇಂಟೆಲ್ಲೋ ಎಎಂಡಿಯೋ, ವಿಂಡೋಸೋ ಲಿನಕ್ಸೋ, ಯಾವ ಗೇಮ್ ಕಂಪನಿ ಆಟಗಾರರನ್ನು ಹೆಚ್ಚು ಸುಲಿಯುತ್ತಿದೆ. ಹೊರಗಿನವರ ಕಿವಿಗೆ ಇದು ಸಿನಿಮಾ ನಟರ ಅಭಿಮಾನಿಗಳ ಕಿತ್ತಾಟದ ಹಾಗೆಯೇ ಕೇಳಿಸುತ್ತದೆ. ಆದರೆ ಈ ವಾದ ಬೆಳೆದುಬಂದ ದಾರಿ ಬೇರೆಯದನ್ನೇ ಹೇಳುತ್ತದೆ. ಇದರ ಬೇರು ಇರುವುದು ಕೊಳ್ಳುವವನ ಕೈಯಲ್ಲಿದ್ದ ಆಯ್ಕೆಯಲ್ಲಿ. ಎಲ್ಲಿ ಆಯ್ಕೆ ಇತ್ತೋ ಅಲ್ಲಿ ವಾದ ಬೆಳೆಯಿತು. ಈಗ ಆಯ್ಕೆ ಎಲ್ಲಿ ಕೈತಪ್ಪುತ್ತಿದೆಯೋ ವಾದವೂ ಅತ್ತ ಸರಿದಿದೆ.

ಆ ಆಯ್ಕೆ ಸಿಗುತ್ತಿದ್ದುದು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ. ಪಾಲಿಕೆಯ ಫಲಕದಲ್ಲಿ ಅದು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಡೊಂಬಿವಲಿಯಿಂದ ಹೊರಟವರು ದಾದರಿನಲ್ಲಿ ಇಳಿದು, ಪಶ್ಚಿಮ ರೈಲ್ವೆಯ ಗಾಡಿ ಹಿಡಿದು ಗ್ರಾಂಟ್ ರೋಡ್ ತಲುಪಬೇಕಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿದ ಮೇಲೆ ಕಂಪ್ಯೂಟರ್ ಮತ್ತು ಬಿಡಿಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಗೆ ಬಂತು. ಕಂಪನಿಯ ಹೆಸರು ಹೊತ್ತ ಪಿಸಿ ಕೊಳ್ಳಲಾಗದ ಸಂಬಳದಾರ ಕುಟುಂಬಗಳಿಗೆ ಅಸೆಂಬಲ್ ಮಾಡಿಸಿದ ಪೆಟ್ಟಿಗೆಯೇ ಗತಿಯಾಯಿತು. ಬ್ಯಾಂಕಿನ ನೌಕರಿಗೆಂದೋ ಹೋಟೆಲ್ ಉದ್ಯಮಕ್ಕೆಂದೋ ಬಂದು ಈ ಉಪನಗರಗಳಲ್ಲಿ ನೆಲೆಸಿದ ಕನ್ನಡ, ತುಳು ಕುಟುಂಬಗಳೂ ಇದಕ್ಕೆ ಹೊರತಲ್ಲ. ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ಬೇರೆ ಬೇರೆಯಾಗಿ ಆರಿಸಬೇಕು. ಒಂದರಲ್ಲಿ ಎರಡು ಸಾವಿರ ಉಳಿಸಿದರೆ ಇನ್ನೊಂದಕ್ಕೆ ಹಾಕಬಹುದು. ಅಂಗಡಿಯವನ ಸಲಹೆಯಲ್ಲಿ ಅವನ ಲಾಭವೂ ಬೆರೆತಿರುತ್ತದೆ. ಹಾಗಾಗಿ ತಿಳಿದ ಗೆಳೆಯರೊಡನೆ ವಾರಗಟ್ಟಲೆ ಚರ್ಚಿಸುವುದು ಖರೀದಿಯ ಮೊದಲ ಹಂತವೇ ಆಗಿತ್ತು.

ಇಂಥ ಚರ್ಚೆ ಜಗತ್ತಿನೆಲ್ಲೆಡೆ ಇದೆ, ಡೊಂಬಿವಲಿಯ ವಿಶೇಷವೇನು ಎಂದು ಯಾರಾದರೂ ಕೇಳಿಯಾರು. ಉತ್ತರ ವಿದ್ಯುತ್ತಿನಲ್ಲಿದೆ. 2005ರ ನಂತರದ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗ್ ತೀವ್ರವಾಗಿದ್ದಾಗ ಬೆಸ್ಟ್, ಟಾಟಾ, ರಿಲಯನ್ಸ್ ವಿದ್ಯುತ್ ಪೂರೈಸುತ್ತಿದ್ದ ಮುಂಬಯಿಗೆ ಅದರ ಬಿಸಿ ತಟ್ಟಲಿಲ್ಲ. ಮಹಾವಿತರಣ ಕಂಪನಿಯ ವ್ಯಾಪ್ತಿಯ ಕಲ್ಯಾಣ, ಡೊಂಬಿವಲಿಗಳಲ್ಲಿ ಮಾತ್ರ ಕರೆಂಟು ಗಂಟೆಗಟ್ಟಲೆ ಹೋಗುತ್ತಿತ್ತು. ಒಂದೇ ರೈಲು ಮಾರ್ಗ, ಒಂದೇ ಪೇಟೆ. ಆದರೆ ದಾದರಿನ ಆಟಗಾರನ ಚಿಂತೆಯೇ ಬೇರೆ, ಕಲ್ಯಾಣದವನ ಚಿಂತೆಯೇ ಬೇರೆ. ಕಲ್ಯಾಣದ ಕಡೆ ಮೇಜಿನ ಕೆಳಗೊಂದು 600 ವಿಎ ಯುಪಿಎಸ್ ಬೇಕೇ ಬೇಕಿತ್ತು. ಅದರ ನಿಜವಾದ ಸಾಮರ್ಥ್ಯ ಸುಮಾರು 360 ವ್ಯಾಟ್. ಕರೆಂಟು ಹೋದೊಡನೆ ಅದು ಬೀಪ್ ಬೀಪ್ ಎನ್ನತೊಡಗಿದರೆ ಆಟವನ್ನು ಸೇವ್ ಮಾಡಿ ಯಂತ್ರ ಆರಿಸಲು ಕೆಲವೇ ನಿಮಿಷ. ಹೆಚ್ಚು ವಿದ್ಯುತ್ ಎಳೆಯುವ ಕಾರ್ಡ್ ಹಾಕಿದರೆ ಅಷ್ಟೂ ಇಲ್ಲ. ಅಗ್ಗದ ಕ್ಯಾಬಿನೆಟ್ಟಿನ ಜೊತೆಗೇ ಬರುತ್ತಿದ್ದ ಎಸ್‌ಎಂಪಿಎಸ್ ಎಂಬ ವಿದ್ಯುತ್ ಘಟಕದ ಮೇಲೆ 450 ವ್ಯಾಟ್ ಎಂದು ಅಚ್ಚಾಗಿದ್ದರೂ ಒಳಗೆ ಅಷ್ಟು ಕಸುವಿರುವುದು ಅಪರೂಪ. ಆದ್ದರಿಂದ ಯಾವ ಚಿಪ್ ಎಷ್ಟು ವ್ಯಾಟ್ ತಿನ್ನುತ್ತದೆ, ಎಷ್ಟು ಕಾಯುತ್ತದೆ ಎಂಬುದು ಇಲ್ಲಿನವರಿಗೆ ದಿನನಿತ್ಯದ ಪ್ರಶ್ನೆಯಾಗಿತ್ತು.

'ಎಎಂಡಿ ಕಾಯುತ್ತದೆ' ಎಂಬ ಮಾತು ಅಷ್ಟು ಆಳಕ್ಕೆ ಇಳಿದದ್ದೂ ಇದೇ ಕಾರಣಕ್ಕೆ. ಆ ಮಾತಿಗೆ ಆಧಾರವಿಲ್ಲದೇ ಇರಲಿಲ್ಲ. 2001ರಲ್ಲಿ ಹೀಟ್‌ಸಿಂಕ್ ಕಿತ್ತಾಗ ಎಎಂಡಿಯ ಅಥ್ಲಾನ್ ಸುಟ್ಟುಹೋಗುವ, ಇಂಟೆಲ್ಲಿನ ಪೆಂಟಿಯಂ 4 ವೇಗ ತಗ್ಗಿಸಿಕೊಂಡು ಬದುಕುವ ವಿಡಿಯೋ ಜಗತ್ತಿಗೆಲ್ಲ ಹರಡಿತ್ತು. ಆದರೆ 2004ರಲ್ಲಿ ಬಂದ ಪ್ರೆಸ್ಕಾಟ್ ಪೆಂಟಿಯಂ ತಾನೇ ಕುದಿಯುವ ಚಿಪ್ ಆಗಿತ್ತು. ಆಗಲೂ ಅಪವಾದ ಎಎಂಡಿಯ ತಲೆಯ ಮೇಲೇ ಉಳಿಯಿತು. ಎಎಂಡಿಯದೇ ಆದ 2013ರ ಎಫ್‌ಎಕ್ಸ್ 9590 ಬರೋಬ್ಬರಿ 220 ವ್ಯಾಟ್ ಎಂದು ಘೋಷಿಸಿಕೊಂಡೇ ಬಂದು ಆ ಅಪವಾದಕ್ಕೆ ಮತ್ತೆ ಜೀವ ಕೊಟ್ಟಿತು. ಅಭಿಮಾನವೇ ಎಲ್ಲ ಎನ್ನುವವರು ಈ ಹಟವನ್ನು ಸಾಕ್ಷಿಯಾಗಿ ತೋರಿಸಬಹುದು. ಹಳೆಯ ನಂಬಿಕೆ ವಾಸ್ತವಕ್ಕಿಂತ ವರ್ಷಗಳಷ್ಟು ಹಿಂದೆ ಉಳಿಯುತ್ತದೆ ಎಂಬುದು ನಿಜವೇ. ಆದರೆ ಬರೀ ಅಭಿಮಾನವಾಗಿದ್ದರೆ 2017ರಲ್ಲಿ ಎಎಂಡಿಯ ರೈಜನ್ ಬಂದ ಮೇಲೆ ವಾದದ ದಿಕ್ಕು ತಿರುಗಬಾರದಿತ್ತು. ತಿರುಗಿತು. ಇಂಟೆಲ್ಲಿನ 13 ಮತ್ತು 14ನೇ ತಲೆಮಾರಿನ ಚಿಪ್‌ಗಳು ಅತಿಯಾದ ವೋಲ್ಟೇಜಿನಿಂದ ಕೆಡುತ್ತಿವೆ ಎಂದು 2024ರಲ್ಲಿ ಕಂಪನಿಯೇ ಒಪ್ಪಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದಾಗ 'ಕಣ್ಣು ಮುಚ್ಚಿ ಇಂಟೆಲ್ ತಗೋ' ಎನ್ನುವ ಸಲಹೆಯ ಬಲವೂ ಕುಗ್ಗಿತು. ತಡವಾಗಿಯಾದರೂ ಸಾಕ್ಷ್ಯಕ್ಕೆ ತಲೆಬಾಗುವ ವಾದವಿದು.

ಆಪರೇಟಿಂಗ್ ಸಿಸ್ಟಂ ಕುರಿತ ಜಗಳ ಮಾತ್ರ ಇಲ್ಲಿ ತಡವಾಗಿ ಹುಟ್ಟಿತು. ಅಸೆಂಬಲ್ ಮಾಡಿದ ಪೆಟ್ಟಿಗೆಯಲ್ಲಿ ವಿಂಡೋಸ್‌ನ ನಕಲು ಪ್ರತಿ ಹಾಕಿಕೊಡುವುದು ರೂಢಿಯಾಗಿತ್ತು. ದುಡ್ಡು ಕೊಡದ ವಸ್ತುವಿನ ಬಗ್ಗೆ ತಕರಾರು ಯಾಕೆ? ಆಟಗಳದ್ದೂ ಅದೇ ಕಥೆ. 'ವೈಸ್ ಸಿಟಿ'ಯ ನಕಲು ಸಿಡಿ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ಪ್ರಕಾಶಕ ಕಂಪನಿ ಯಾವುದೆಂದು ಕೇಳುವವರು ಕಡಿಮೆ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2015ರ ನವೆಂಬರಿನಲ್ಲಿ ರೂಪಾಯಿ ಬೆಲೆ ತಂದಿತು, ಮರುವರ್ಷ ಜಿಯೋ ಬಂದು ಡೇಟಾ ಅಗ್ಗವಾಯಿತು. ಅಲ್ಲಿಂದ ಈ ಊರುಗಳ ಹುಡುಗರು ಆಟಕ್ಕೆ ದುಡ್ಡು ತೆತ್ತು ಗಿರಾಕಿಗಳಾದರು. 2020ರಲ್ಲಿ 'ಸೈಬರ್‌ಪಂಕ್ 2077'ಕ್ಕೆ 2,999 ರೂಪಾಯಿ ತೆತ್ತು ದೋಷ ತುಂಬಿದ ಆಟ ಪಡೆದವನಿಗೆ ಕಂಪನಿಯನ್ನು ಪ್ರಶ್ನಿಸುವ ಹಕ್ಕು ಹುಟ್ಟಿತು. ಈ ತಿರುವೇ ಇಡೀ ಕಥೆಯ ಮುಖ್ಯ ಘಟ್ಟ ಎಂಬುದು ನನ್ನ ನಂಬಿಕೆ.

ಮೊಬೈಲಿನಲ್ಲೇ ದೇಶವೆಲ್ಲ ಆಡುವಾಗ ಪಿಸಿಯವರ ಈ ಸಣ್ಣ ಗುಂಪಿನ ತಗಾದೆಗೆ ಏನು ಬೆಲೆ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲೇ ಇದೆ. ಮೊಬೈಲಿನಲ್ಲಿ ಚಿಪ್ ಬದಲಿಸುವ ಪ್ರಶ್ನೆಯಿಲ್ಲ. ಅಂಗಡಿ, ನಿಯಮ ಎರಡೂ ಕಂಪನಿಯವೇ. ಬಿಚ್ಚಿ ಜೋಡಿಸಬಲ್ಲ ಯಂತ್ರ ಉಳಿದಿರುವ ಕಡೆ ಮಾತ್ರ ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ಎದ್ದು ಕಾಣುತ್ತದೆ. 2018ರಲ್ಲಿ ಸ್ಟೀಮ್‌ನ ಒಡೆಯ ಕಂಪನಿ ವಾಲ್ವ್ ಬಿಡುಗಡೆ ಮಾಡಿದ ಪ್ರೋಟಾನ್ ತಂತ್ರಾಂಶದಿಂದಾಗಿ ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಓಡತೊಡಗಿದವು. ತಾಂತ್ರಿಕ ಅಡ್ಡಿ ಬಹುಮಟ್ಟಿಗೆ ಕರಗಿತು. ಆದರೆ 2024ರ ಸೆಪ್ಟೆಂಬರಿನಲ್ಲಿ ರಾಕ್‌ಸ್ಟಾರ್ 'ಜಿಟಿಎ ಆನ್‌ಲೈನ್'ಗೆ ಬ್ಯಾಟಲ್ಐ ಎಂಬ ಮೋಸತಡೆ ತಂತ್ರಾಂಶ ಸೇರಿಸಿತು. ಬ್ಯಾಟಲ್ಐಗೆ ಲಿನಕ್ಸ್ ಜೊತೆ ಹೊಂದಿಕೊಳ್ಳುವ ಸಾಮರ್ಥ್ಯವಿದೆ, ಕಂಪನಿ ಒಪ್ಪಿಗೆ ಕೊಟ್ಟರೆ ಸಾಕು; ಕೊಡಲಿಲ್ಲ. ಲಿನಕ್ಸ್‌ನವರಿಗೆ ಅಂದೇ ಆ ಬಾಗಿಲು ಮುಚ್ಚಿತು. 'ವ್ಯಾಲರಂಟ್' ಆಟವಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಯಂತ್ರದ ಭದ್ರತಾ ಏರ್ಪಾಡುಗಳಿಲ್ಲದೆ ತೆರೆಯುವುದೇ ಇಲ್ಲ. ಮೋಸಗಾರರನ್ನು ತಡೆಯಲು ಇದು ಬೇಕು ಎಂಬ ಕಂಪನಿಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಮೋಸದಿಂದ ಕೆಟ್ಟ ಪಂದ್ಯ ಯಾರಿಗೂ ಬೇಡ. ಆದರೆ 'ಜಿಟಿಎ'ಯಲ್ಲಿ ಆದಂತೆ ದುಡ್ಡು ಕೊಟ್ಟು ಕೊಂಡದ್ದನ್ನು ಆಮೇಲೆ ಕಸಿದುಕೊಳ್ಳುವುದಕ್ಕೆ ಅದು ಸಮರ್ಥನೆಯಾಗದು. ಮೋಸ ತಡೆಯುವ ಕಾರಣವೂ ಇಲ್ಲದೆ ಕಸಿದುಕೊಳ್ಳುವುದೂ ಉಂಟು: ಯೂಬಿಸಾಫ್ಟ್ 2024ರ ಮಾರ್ಚ್ 31ರಂದು 'ದಿ ಕ್ರೂ' ಆಟದ ಸರ್ವರ್ ಮುಚ್ಚಿದಾಗ, ಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹೆಚ್ಚುವರಿ ಒಂದು ವರ್ಷದ ಭದ್ರತಾ ಅಪ್‌ಡೇಟಿಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಲ್ಯಾಮಿಂಗ್ಟನ್ ರೋಡಿನಿಂದ ಬಂದ ಎಷ್ಟೋ ಹಳೆಯ ಪೆಟ್ಟಿಗೆಗಳು ಇನ್ನೂ ಗಟ್ಟಿಯಾಗಿವೆ, ಆದರೆ ಟಿಪಿಎಂ 2.0 ಇಲ್ಲದ ಕಾರಣಕ್ಕೆ ವಿಂಡೋಸ್ 11 ಅವುಗಳನ್ನು ಒಪ್ಪುವುದಿಲ್ಲ. ಅವುಗಳ ಒಡೆಯರಿಗೆ ಲಿನಕ್ಸ್ ಹಾಕು ಎಂದು ಸಲಹೆ ಕೊಡುವವರು ಈಗ ಮೊದಲು ಕೇಳುವ ಪ್ರಶ್ನೆ ಪ್ರೊಸೆಸರ್ ಯಾವುದು ಎಂಬುದಲ್ಲ, ನೀನು ಆಡುವ ಆಟ ಯಾವ ಕಂಪನಿಯದು ಎಂಬುದು.