ಕೊಬ್ಬರಿ ದೂರಿಗೊಂದು ನಂಬರ್

ಕಂದಿಕೆರೆ ತೋಟದ ಉಂಡೆ ಕೊಬ್ಬರಿ ತಿಪಟೂರಿನಿಂದ ದೆಹಲಿಗೆ ಹೋಯ್ತು ಅಂದ್ಕೊಳ್ಳಿ. "ಚೀಲದಲ್ಲಿ ಬೂಷ್ಟು!" ಅಂತ ಮಂಡಿಗೆ ಮೇಲ್ ಬಂತು. ನೋಡಿದ್ದು ಯಾರು, ಉತ್ತರ ಕೊಟ್ಟಿದ್ದು ಯಾರು? ಅದಕ್ಕೇ ಹೆಲ್ಪ್‌ಡೆಸ್ಕ್: ಬಂದ ಪ್ರತಿ ದೂರಿಗೂ ಒಂದು ಟಿಕೆಟ್ ನಂಬರ್ ಕೊಡೋ ಸಾಫ್ಟ್‌ವೇರ್.

ದೂರಿಗೆಂದೇ ಬೇರೆ ಮೇಲ್ ವಿಳಾಸ ಮಾಡಿ. ಸಾಹುಕಾರರ ಸ್ವಂತ ಇನ್‌ಬಾಕ್ಸ್ ಬೇಡವೇ ಬೇಡ. ಹೆಲ್ಪ್‌ಡೆಸ್ಕ್ ಮೇಲ್ ಎತ್ತಿಕೊಳ್ಳೋದು ಐಮ್ಯಾಪ್‌ನಲ್ಲಿ, ಪೋರ್ಟ್ 993. ಉತ್ತರ ಕಳಿಸೋದು ಎಸ್‌ಎಂಟಿಪಿಯಲ್ಲಿ, ಪೋರ್ಟ್ 587. ಸಬ್ಜೆಕ್ಟ್‌ನಲ್ಲಿರೋ ಟಿಕೆಟ್ ನಂಬರ್ ಅಳಿಸಿದ್ರೆ ಒಂದೇ ದೂರು ಎರಡಾಗಬಹುದು.

ನಿಜವಾದ ತಲೆನೋವು ಇಲ್ಲಿದೆ. ಗಿರಾಕಿ ರಜೆಯಲ್ಲಿದ್ದಾರೆ. ಅವರ ಆಟೋ-ರಿಪ್ಲೈಗೆ ನಿಮ್ಮದೂ ಒಂದು ಆಟೋ-ರಿಪ್ಲೈ, ಅದಕ್ಕೆ ಮತ್ತೆ ಅವರದು... ಬೆಳಗಾಗೋದ್ರೊಳಗೆ ಕೊಬ್ಬರಿ ರಾಶಿಗಿಂತ ದೊಡ್ಡ ರಾಶಿ! ಆಟೋ ಮೇಲ್‌ಗೆ ಆಟೋ ಉತ್ತರ ಹೋಗದ ಹಾಗೆ ಸೆಟ್ಟಿಂಗ್ ಹಾಕಿ.

ಆಮೇಲೆ ನಿಮ್ಮದೇ ಜಿಮೇಲ್‌ನಿಂದ ಒಂದು ಸುಳ್ಳು ದೂರು ಕಳಿಸಿ, ಟಿಕೆಟ್ ನಂಬರ್ ವಾಪಸ್ ಬರುತ್ತಾ ನೋಡಿ.