ಎಂಜಿನ್ನಿನ ಕ್ರಮಸಂಖ್ಯೆಯ ಸಾಕ್ಷ್ಯ: ಜಾಗ್ವಾರ್ ಎಕ್ಸ್‌ಕೆ ಗಾಡಿಗಳ ನಿದರ್ಶನ

ಹಳೆಯ ಮೋಟಾರು ಗಾಡಿಯೊಂದನ್ನು ಪರೀಕ್ಷಿಸುವಾಗ ಮೊದಲು ಏಳುವ ಪ್ರಶ್ನೆ, ಅದರೊಳಗಿನ ಎಂಜಿನ್ನು ಆ ಗಾಡಿಗೇ ಸೇರಿದುದೆ ಎಂಬುದು. ಗಾಡಿಯ ಬೆಲೆಯೂ ಚಾರಿತ್ರಿಕ ಪ್ರಾಮಾಣ್ಯವೂ ಬಹುಮಟ್ಟಿಗೆ ಇದರ ಉತ್ತರವನ್ನು ಅವಲಂಬಿಸಿವೆ. ಈ ನಿರ್ಣಯದಲ್ಲಿ ಎಂಜಿನ್ನಿನ ಕ್ರಮಸಂಖ್ಯೆಗೆ ಎಷ್ಟು ಬೆಲೆ ಕೊಡಬಹುದೆಂಬುದನ್ನು ಇಂಗ್ಲೆಂಡಿನ ಜಾಗ್ವಾರ್ ಗಾಡಿಗಳ ನಿದರ್ಶನದಿಂದ ಇಲ್ಲಿ ವಿವೇಚಿಸಲಾಗಿದೆ.

1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಎಕ್ಸ್‌ಕೆ 120 ಎಂಬ ಕ್ರೀಡಾಗಾಡಿಯು ಬೆಳಕಿಗೆ ಬಂದಿತು. ಅದರ ಎಂಜಿನ್ನಿನಲ್ಲಿ ಒಂದೇ ಸಾಲಿನ 6 ಸಿಲಿಂಡರುಗಳಿದ್ದವು. ಪ್ರತಿಯೊಂದರ ವ್ಯಾಸ 83 ಮಿಲಿಮೀಟರು, ಪಿಸ್ಟನ್ನಿನ ಚಲನೆ 106 ಮಿಲಿಮೀಟರು, ಒಟ್ಟು ಗಾತ್ರ 3442 ಘನ ಸೆಂಟಿಮೀಟರು. 1950ರಲ್ಲಿ ಬಂದ ಮಾರ್ಕ್ 7 ಎಂಬ ದೊಡ್ಡ ಸಂಸಾರದ ಗಾಡಿಗೂ ಇದೇ ಗಾತ್ರದ ಎಂಜಿನ್ನನ್ನೇ ಅಳವಡಿಸಿದರು. ಆದುದರಿಂದ ಹೊರನೋಟ ಮಾತ್ರದಿಂದ ಎಂಜಿನ್ನಿನ ಮೂಲವನ್ನು ಹೇಳುವುದು ಕಷ್ಟ. ಇಲ್ಲಿಯೇ ಕ್ರಮಸಂಖ್ಯೆಯ ನೆರವು ಬೇಕಾಗುತ್ತದೆ.

ಉದಾಹರಣೆಗೆ ‘ಜಿ 4321-8 ಎಸ್’ ಎಂಬ ರೂಪದ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಮೊದಲ ಅಕ್ಷರವು ಮಾದರಿಯನ್ನು ಸೂಚಿಸುತ್ತದೆ: ಡಬ್ಲ್ಯು ಮತ್ತು ಎಫ್ ಎಂಬವು ಎಕ್ಸ್‌ಕೆ 120ಕ್ಕೂ, ಜಿ ಎಂಬುದು 1954ರ ಎಕ್ಸ್‌ಕೆ 140ಕ್ಕೂ, ವಿ ಎಂಬುದು 1957ರ ಎಕ್ಸ್‌ಕೆ 150ಕ್ಕೂ ಸೇರಿದುವು. ನಡುವಿನ ಅಂಕಿಗಳು ಆ ಮಾಲಿಕೆಯಲ್ಲಿ ಎಂಜಿನ್ನಿನ ಸ್ಥಾನವನ್ನು ತಿಳಿಸುತ್ತವೆ. ಅಡ್ಡಗೆರೆಯ ಮುಂದಿನ 7, 8 ಅಥವಾ 9, ಸಿಲಿಂಡರಿನೊಳಗಿನ ಅನಿಲವು ಎಷ್ಟು ಪಟ್ಟು ಅದುಮಲ್ಪಡುವುದೆಂಬುದರ ಪ್ರಮಾಣ. ಕೊನೆಯ ಎಸ್ ಅಕ್ಷರವು, ಎಕ್ಸ್‌ಕೆ 140ರಲ್ಲಿ, ಸಿ ಮಾದರಿಯ ಪಂದ್ಯದ ಗಾಡಿಯಿಂದ ಬಂದ ವಿಶೇಷ ಸಿಲಿಂಡರು ತಲೆಯನ್ನು ಸೂಚಿಸುತ್ತದೆ. ಇದರಿಂದ ಎಂಜಿನ್ನಿನ ಶಕ್ತಿಯು 190ರಿಂದ 210 ಅಶ್ವಶಕ್ತಿಗೆ ಏರುತ್ತಿತ್ತು.

ಆದರೆ ಸಂಖ್ಯೆಯನ್ನು ಓದಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಅದು ಎಂಜಿನ್ನಿನ ಕುಲವನ್ನು ಹೇಳುವುದೇ ಹೊರತು, ಅದು ಇಂಥ ಗಾಡಿಯಲ್ಲಿಯೇ ಹುಟ್ಟಿತೆಂದು ಹೇಳುವುದಿಲ್ಲ. ಈ ಸಂಖ್ಯೆಯನ್ನು ಎರಕದ ಕಬ್ಬಿಣದ ಸಿಲಿಂಡರು ದಿಮ್ಮಿಯ ಬಲಬದಿಯಲ್ಲಿ, ಎಣ್ಣೆ ಸೋಸುವ ಭಾಗದ ಮೇಲ್ಗಡೆ, ಒತ್ತಿರುತ್ತಾರೆ; ಅಲ್ಯೂಮಿನಿಯಂ ತಲೆಯ ಮುಂತುದಿಯಲ್ಲಿಯೂ ಅದನ್ನೇ ಒತ್ತಿರುತ್ತಾರೆ. ಗಾಡಿಯ ಫಲಕದಲ್ಲಿಯೂ ಅದು ಇರುತ್ತದೆ. ಈ ಮೂರೂ ಒಂದನ್ನೊಂದು ಹೋಲಬೇಕು. ತಲೆಯು ನೀರಿನಿಂದ ಕೆಟ್ಟು ಬದಲಾಗಿರುವುದುಂಟು. ಆಗ ತಲೆಯ ಮೇಲೆ ಎಸ್ ಇದ್ದರೂ ದಿಮ್ಮಿಯ ಮೇಲೆ ಇಲ್ಲದಿರಬಹುದು. ಫಲಕವನ್ನಂತೂ ಹೊಸದಾಗಿ ಮಾಡಿಸಿ ಬಡಿಯುವುದು ಸುಲಭ. ದಿಮ್ಮಿಯ ಸಂಖ್ಯೆಯ ಸುತ್ತ ಉಜ್ಜಿದ ಗುರುತಾಗಲಿ, ಅಂಕಿಗಳ ಆಕಾರದಲ್ಲಿ ವ್ಯತ್ಯಾಸವಾಗಲಿ ಕಂಡರೆ ಸಂದೇಹಪಡುವುದು ಯುಕ್ತ.

ಕೊನೆಯ ಪ್ರಮಾಣವು ಕಾರ್ಖಾನೆಯ ದಾಖಲೆ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಎಂಬ ಸಂಸ್ಥೆಯು ಹಳೆಯ ದಾಖಲೆಗಳನ್ನು ಕಾಪಾಡಿಕೊಂಡಿದೆ. ಚೌಕಟ್ಟಿನ ಸಂಖ್ಯೆಗೆ ಎದುರಾಗಿ ಅಲ್ಲಿ ಬರೆದಿರುವ ಎಂಜಿನ್ನಿನ ಸಂಖ್ಯೆಯು ದಿಮ್ಮಿಯ ಸಂಖ್ಯೆಗೆ ಹೊಂದಿದರೆ, ಮತ್ತು ದಿಮ್ಮಿಯ ಮೇಲೆ ತಿದ್ದಿದ ಗುರುತಿಲ್ಲದಿದ್ದರೆ, ನಿರ್ಣಯಕ್ಕೆ ಬಲವಾದ ಆಧಾರ ದೊರೆತಂತಾಯಿತು.

ತಾಮ್ರಪಟವನ್ನು ಓದುವವನು ಅದರ ತಿಥಿಯನ್ನು ಮಾತ್ರ ನಂಬದೆ ಲಿಪಿಯನ್ನೂ ಭಾಷೆಯನ್ನೂ ಪರಿಶೀಲಿಸುವಂತೆಯೇ ಇಲ್ಲಿಯೂ ಒಂದು ಸಾಕ್ಷ್ಯವನ್ನು ಇನ್ನೊಂದರಿಂದ ಪರೀಕ್ಷಿಸಬೇಕಾಗುತ್ತದೆ. ಎಂಜಿನ್ನು ಬದಲಾಗಿರುವುದು ದೋಷವಲ್ಲ. ದುಡಿದ ಗಾಡಿಗೆ ಅದು ಸಹಜ. ಬದಲಾದುದನ್ನು ಮರೆಮಾಡುವುದು ಮಾತ್ರ ದೋಷ. ಆದಕಾರಣ ಪರೀಕ್ಷಕನು ತನ್ನ ವರದಿಯಲ್ಲಿ ‘ಮೂಲ ಎಂಜಿನ್ನು’ ಎಂದು ಆತುರದಿಂದ ಬರೆಯದೆ, ಯಾವ ಯಾವ ಸಂಖ್ಯೆಗಳು ಎಲ್ಲೆಲ್ಲಿ ಹೊಂದಿದುವೆಂಬುದನ್ನು ಹಾಗೆಯೇ ದಾಖಲಿಸುವುದು ಲೇಸು.